ನೋಡದೆ ಸಹಿ ಹಾಕಬಾರದು

(ಕೊಡ್ಲಿಪೇಟೆಯ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಕಾಯಕ ಎಂದರೆ ನಮಗೆ ಹೊಲ, ಮಗ್ಗ, ತೋಟ ನೆನಪಾಗುತ್ತವೆ. ಕಣ್ಣಿಗೆ ಕಾಣದ ಒಂದು ಕಾಯಕದ ಬಗ್ಗೆ ಇವತ್ತು ಹೇಳುತ್ತೇನೆ. ಸರ್ಕಾರಿ ಸೇವೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸೇತುವೆ, ಮೋರಿ ನೋಡಿಕೊಂಡಿದ್ದವನು ನಾನು. ನಿವೃತ್ತಿಯ ನಂತರ ಈ ಕೆಲಸ ನನ್ನನ್ನು ಹಿಡಿದುಕೊಂಡಿತು.

ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಮ್ ನಡೆಯಬೇಕಾದರೂ ಫೈಲು ತೆರೆಯಬೇಕು, ಗಂಟೆ ಕೇಳಬೇಕು, ಲೆಕ್ಕ ಮಾಡಬೇಕು. ಹೆಚ್ಚಿನ ಲಿನಕ್ಸ್ ಕಂಪ್ಯೂಟರುಗಳಲ್ಲಿ ಇದನ್ನೆಲ್ಲ ಒದಗಿಸುವುದು ಗ್ನೂ ಸಿ ಲೈಬ್ರರಿ. ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಆದರೆ ಪ್ರೊಸೆಸರುಗಳು ಒಂದೇ ಬಗೆಯವಲ್ಲ. ಒಂದೊಂದು ಬಗೆಗೂ ಲೈಬ್ರರಿಯ ಕೆಲವು ಭಾಗಗಳನ್ನು ಬೇರೆಯಾಗಿಯೇ ಬರೆಯಬೇಕು. ಹೀಗೆ ಒಗ್ಗಿಸಿದ್ದನ್ನು ಪೋರ್ಟ್ ಎನ್ನುತ್ತಾರೆ. ಚೆನ್ನಾಗಿ ಮಾರಾಟವಾಗುವ ಪ್ರೊಸೆಸರಿನ ಪೋರ್ಟಿಗೆ ಕಂಪನಿಗಳೇ ಸಂಬಳ ಕೊಟ್ಟು ಜನರನ್ನು ಇಡುತ್ತವೆ. ಉಳಿದವನ್ನು ಸ್ವಯಂಸೇವಕರೇ ನೋಡಿಕೊಳ್ಳಬೇಕು.

ಇದು ದೂರದ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ 2001ರ ಹೊತ್ತಿಗೆ ಸಿಂಪ್ಯೂಟರ್ ಎಂಬ ಅಗ್ಗದ ಅಂಗೈ ಕಂಪ್ಯೂಟರನ್ನು ರೂಪಿಸಿದರು. ಅದರಲ್ಲಿದ್ದದ್ದು ಆರ್ಮ್ ಬಗೆಯ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಯಾರೋ ಮೊದಲೇ ಲಿನಕ್ಸನ್ನು ಆರ್ಮ್‌ಗೆ ಒಗ್ಗಿಸಿಟ್ಟಿರದಿದ್ದರೆ ನಮ್ಮವರು ಬುನಾದಿಯಿಂದ ಕಟ್ಟಬೇಕಾಗುತ್ತಿತ್ತು.

ಅದೇ ಆರ್ಮ್ ಪೋರ್ಟ್ ಮುಂದೆ ಕೆಲವು ವರ್ಷ ಈ ಲೈಬ್ರರಿಯ ಮುಖ್ಯ ಭಾಗದಲ್ಲಿರಲಿಲ್ಲ. 'ಪೋರ್ಟ್ಸ್' ಎಂಬ ಬೇರೆ ಕಟ್ಟಿನಲ್ಲಿತ್ತು. 2014ರ 2.20ನೇ ಆವೃತ್ತಿಯಲ್ಲಿ ಎಲ್ಲ ಪೋರ್ಟುಗಳೂ ಒಂದೇ ಪಂಕ್ತಿಗೆ ಬಂದವು. ಆದರೆ ಪಂಕ್ತಿಯಲ್ಲಿ ಜಾಗ ಸಿಕ್ಕರೆ ಸಾಲದು, ಬಡಿಸುವವರೂ ಬೇಕು. ವರ್ಷಗಟ್ಟಲೆ ಕೆಟ್ಟು ಕೂತಿದ್ದ ಎಎಂ33 ಎಂಬ ಪೋರ್ಟನ್ನು ಅದೇ ಆವೃತ್ತಿಯಲ್ಲಿ ತೆಗೆದುಹಾಕಿದರು. ದೊಡ್ಡ ಕಂಪನಿಗಳು ಮೆರೆಸಿದ ಇಟೇನಿಯಂ ಕೂಡ 2024ರಲ್ಲಿ ಹೋಯಿತು. 1979ರ ಮೊಟೊರೊಲಾ 68000ದ ವಂಶಕ್ಕೆ ಮಾತ್ರ ಪೋರ್ಟ್ ಇನ್ನೂ ಇದೆ, ನೋಡಿಕೊಳ್ಳುವವರು ಇದ್ದಾರೆ.

ನನ್ನ ಪಾಲಿಗೆ ಬಂದದ್ದು ಅಣ್ಣನ ಮಗ ಬಿಟ್ಟುಹೋದ ಹಳೆಯ ಆಪಲ್ ಐಬುಕ್. ಅದರಲ್ಲಿರುವುದು 32 ಬಿಟ್‌ನ ಪವರ್‌ಪಿಸಿ ಪ್ರೊಸೆಸರ್. ಆಪಲ್ 2006ರಲ್ಲೇ ಇಂಟೆಲ್ ಕಡೆ ಹೊರಳಿತು. ಡೆಬಿಯನ್ ಲಿನಕ್ಸ್ 2017ರಲ್ಲಿ ಇದನ್ನು ಅಧಿಕೃತ ಪಟ್ಟಿಯಿಂದ ಕೈಬಿಟ್ಟಿತು. ಸ್ವಯಂಸೇವಕರು ಕೈಬಿಡಲಿಲ್ಲ.

ಹಳೆಯದನ್ನು ಗುಜರಿಗೆ ಹಾಕಬಾರದೇ ಎಂದು ಕೇಳಬಹುದು. ಇಂದಿನ ಹೆಚ್ಚಿನ ಪ್ರೊಸೆಸರುಗಳು ಸಂಖ್ಯೆಯನ್ನು ಚಿಕ್ಕ ಸ್ಥಾನದ ಕಡೆಯಿಂದ ಜೋಡಿಸಿಡುತ್ತವೆ, ಇದು ದೊಡ್ಡ ಸ್ಥಾನದ ಕಡೆಯಿಂದ. ಹಾಗಾಗಿ ಬೇರೆಡೆ ಅಡಗಿರುವ ತಪ್ಪುಗಳು ಇಲ್ಲಿ ಸಿಕ್ಕಿಬೀಳುತ್ತವೆ.

ನನ್ನ ಕೆಲಸ ಸಣ್ಣದು. ಹೊಸ ಆವೃತ್ತಿ ವರ್ಷಕ್ಕೆರಡು ಬಾರಿ, ಫೆಬ್ರವರಿ ಮತ್ತು ಆಗಸ್ಟ್ ಹೊತ್ತಿಗೆ ಬರುತ್ತದೆ. ಅದಕ್ಕೆ ಮುಂಚೆ ಸಾವಿರಾರು ಪರೀಕ್ಷೆಗಳನ್ನು ಈ ಯಂತ್ರದಲ್ಲಿ ಓಡಿಸಿ ಫಲಿತಾಂಶ ಕಳಿಸಬೇಕು. ಸೈನ್, ಕೊಸೈನ್ ಲೆಕ್ಕದ ಕೊನೆಯ ಅಂಕಿಯಲ್ಲಿ ಎಷ್ಟು ವ್ಯತ್ಯಾಸ ಸಹ್ಯ ಎಂಬುದನ್ನೂ ಒಂದೊಂದು ಬಗೆಯ ಪ್ರೊಸೆಸರಿಗೆ ಬರೆದಿಟ್ಟಿರುತ್ತಾರೆ. ಲೆವೆಲಿಂಗ್ ಮಾಡುವಾಗ ನಾವು ಇಷ್ಟು ವ್ಯತ್ಯಾಸ ಒಪ್ಪಬಹುದು ಎನ್ನುತ್ತಿದ್ದೆವಲ್ಲ, ಹಾಗೆ.

ಆಗಸ್ಟಿನ ಆವೃತ್ತಿಗೆ ಪರೀಕ್ಷೆ ಜುಲೈಯಲ್ಲಿ. ಕೊಡಗಿನ ಜುಲೈ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಒಂದು ವರ್ಷ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲ. ಐಬುಕ್ಕಿನ ಬ್ಯಾಟರಿ ಎಂದೋ ಸತ್ತಿದೆ. ಪೂರ್ತಿ ಪರೀಕ್ಷೆಗೆ ಒಂದು ದಿನಕ್ಕಿಂತ ಹೆಚ್ಚು ಬೇಕು. ಮೂರು ಸಲ ಅರ್ಧಕ್ಕೇ ನಿಂತಿತು. ಫೆಬ್ರವರಿಯ ಫಲಿತಾಂಶ ಕೈಯಲ್ಲಿತ್ತು. ಏನು ಬದಲಾಗಿರುತ್ತದೆ ಎಂದುಕೊಂಡು "ಎಲ್ಲ ಮೊದಲಿನಂತೆಯೇ ಇದೆ" ಎಂದು ಫೋನಿನಲ್ಲೇ ಬರೆದೆ. ಕಾಫಿ ತಂದ ನನ್ನಾಕೆಗೆ ವಿಷಯ ಹೇಳಿದೆ. ಅವಳು ಕೇಳಿದಳು: "ಏನ್ರೀ, ಸರ್ವೀಸಲ್ಲಿದ್ದಾಗ ನೋಡದೇನೆ ಸೇತುವೆಗೆ ಸಹಿ ಹಾಕ್ತಿದ್ರಾ?"

ಬರೆದದ್ದನ್ನು ಅಳಿಸಿದೆ. "ಈ ಸಲ ಪರೀಕ್ಷೆ ಮಾಡಲಾಗಲಿಲ್ಲ" ಎಂದಷ್ಟೇ ಕಳಿಸಿದೆ. ಯಾರೂ ಬಯ್ಯಲಿಲ್ಲ. ಆಗಸ್ಟಿನಲ್ಲಿ ಕರೆಂಟು ನಿಂತ ಮೇಲೆ, ಅಂದರೆ ಹೋಗದೆ ನಿಂತ ಮೇಲೆ, ಪೂರ್ತಿ ಓಡಿಸಿದೆ. ಫೆಬ್ರವರಿಯಲ್ಲಿ ಸರಿಯಿದ್ದ ಒಂದು ಪರೀಕ್ಷೆ ಈಗ ತಪ್ಪಾಗಿತ್ತು!

ಖಾಲಿ ಬಿಟ್ಟ ಜಾಗ ಅವಮಾನವಲ್ಲ. ಇಲ್ಲಿ ಒಬ್ಬರು ಬೇಕಾಗಿದ್ದಾರೆ ಎಂದು ಅದು ಕೂಗಿ ಹೇಳುತ್ತದೆ. ಸುಳ್ಳು ಸಹಿ ಆ ಕೂಗನ್ನೇ ಅಡಗಿಸುತ್ತದೆ. ಆಮೇಲೆ ಸಹಾಯಕ್ಕೆ ಬರುವವರೂ ಬರುವುದಿಲ್ಲ. ಪೋರ್ಟು ಸಾಯುವುದು ಹೀಗೆ. ನಮ್ಮ ಸಂಘ ಸಂಸ್ಥೆಗಳೂ ಹೀಗೆಯೇ ಅಲ್ಲವೇ? ವರದಿಯಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ, ಹೋಗಿ ನೋಡಿದರೆ ಬಾಗಿಲಿಗೆ ಬೀಗ.

ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಈ ಸಭೆಯಲ್ಲಿದ್ದಾರೆ. ಒಂದು ಹಳೆಯ ಯಂತ್ರ, ವರ್ಷಕ್ಕೆ ನಾಲ್ಕಾರು ದಿನ, ನೋಡಿದ್ದನ್ನು ಮಾತ್ರ ಬರೆಯುವ ಮನಸ್ಸು, ಇಷ್ಟಿದ್ದರೆ ಸಾಕು. ನನಗೂ ವಯಸ್ಸಾಯಿತು. ಜುಲೈಗೆ ಮುಂಚೆ ಯಾರಾದರೂ ಮನೆಗೆ ಬನ್ನಿ, ಹೇಳಿಕೊಡುತ್ತೇನೆ.