ಅತ್ತೆಯ ಮೂಲೆ

2024ರ ಸೆಪ್ಟೆಂಬರ್ ಮೊದಲ ದಿನ ಬುಡಮೇರು ಉಕ್ಕಿ ಅಜಿತ್ ಸಿಂಗ್ ನಗರಕ್ಕೆ ನುಗ್ಗಿದ್ದು ನಿಮಗೆ ಗೊತ್ತೇ ಇದೆ. ನಮ್ಮ ಹಾಲ್‌ನಲ್ಲೂ ಮೊಣಕಾಲುದ್ದ ನೀರು. ನೆಲದ ಮೇಲಿದ್ದ ಇನ್ವರ್ಟರ್‌ನ ಪ್ಲಗ್ ಕೀಳಲು ಅತ್ತೆ ನೀರಲ್ಲೇ ನಿಂತು ಕೈ ಚಾಚಿದ್ದರು. "ಅತ್ತೆ, ಮುಟ್ಟಬೇಡಿ!" ಎಂದು ಕಿರುಚಿದೆ. ಅದನ್ನು ನೆಲದ ಮೇಲೆ ಇಡಿಸಿದವಳು ಎಂ.ಟೆಕ್ ಓದಿದ ನಾನೇ!

ಆ ದಸರೆಗೆ ಇಂದ್ರಕೀಲಾದ್ರಿ ಹತ್ತುವ ಮೊದಲೇ ಇನ್ವರ್ಟರ್ ಗೋಡೆ ಹತ್ತಿತು, ಎದೆಯೆತ್ತರಕ್ಕೆ. ಮೇನ್ಸಿಗೂ ಇನ್ವರ್ಟರ್ ಲೈನಿಗೂ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿದೆವು. ಕರೆಂಟು ಮೈಮೂಲಕ ನೆಲಕ್ಕೆ ಸೋರಿದರೆ ಕ್ಷಣದಲ್ಲಿ ಕಡಿಯುತ್ತದೆ. ಬರೀ ಎಂಸಿಬಿ ಈ ಕೆಲಸ ಮಾಡದು. ಅದರ ಟೆಸ್ಟ್ ಬಟನ್ ಆಗಾಗ ಒತ್ತುವುದು ಮಗಳ ಪಾಲಿನ ಹಬ್ಬ.

ತೆರವಾದ ಮೂಲೆಯಲ್ಲಿ ಚಾಪೆ ಹಾಸಿದ್ದೇವೆ. ಸಂಜೆ ಅಜ್ಜಿ, ಮೊಮ್ಮಗಳ ಚೌಕಾಬಾರ. ಗೆಲ್ಲುವವರು ಅತ್ತೆಯೇ, ಸ್ವಲ್ಪ ಮೋಸ ಮಾಡಿ.