ತೋಳಿನೊಳಗಿನ ವಿಕಲ್ಪ

ಬಲಗೈಯನ್ನು ಮೊಣಕೈಯಲ್ಲಿ ಮಡಿಸಿ, ಮುಷ್ಟಿ ಬಿಗಿಹಿಡಿದು, ಎಡಗೈಯಿಂದ ರಟ್ಟೆಯನ್ನು ಮುಟ್ಟಿ ನೋಡಿದರೆ ಗಟ್ಟಿಯಾದ ಒಂದು ಉಬ್ಬು ಕೈಗೆ ಸಿಗುತ್ತದೆ. ಗರಡಿಮನೆಯ ಹುಡುಗರು ಒಬ್ಬರಿಗೊಬ್ಬರು ತೋರಿಸಿ ಹಿಗ್ಗುವುದು ಇದನ್ನೇ. ಲ್ಯಾಟಿನ್ ಭಾಷೆಯವರಿಗೆ ಈ ಉಬ್ಬಿನ ಏರಿಳಿತ, ಚರ್ಮದಡಿಯಲ್ಲಿ ಪುಟ್ಟ ಇಲಿಯೊಂದು ಹರಿದಾಡಿದಂತೆ ಕಂಡಿತು. ಇಂಗ್ಲಿಷಿನ 'ಮಸಲ್' ಎಂಬ ಮಾತು 'ಪುಟ್ಟ ಇಲಿ' ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ನಮ್ಮವರು ತೋಳಿನಲ್ಲಿ ಇಲಿಯನ್ನು ಕಾಣಲಿಲ್ಲ; ಕಾಲಿನಲ್ಲಿ ಮೀನನ್ನು ಕಂಡರು, ಮೀನಖಂಡವೆಂದು ಕರೆದರು.

ನಾನು ವೈದ್ಯನಲ್ಲ, ಕನ್ನಡ ಪಂಡಿತ. ಆದುದರಿಂದ ಮೊದಲು ಶಬ್ದದ ಗೋಜನ್ನು ಬಿಡಿಸಿಬಿಡುತ್ತೇನೆ. ಈಗಿನ ಶಾಲಾಪುಸ್ತಕಗಳಲ್ಲಿ ಮಾಂಸದ ಈ ಕಟ್ಟಿಗೆ 'ಸ್ನಾಯು' ಎನ್ನುತ್ತಾರೆ. ಸುಶ್ರುತನಲ್ಲಿ ಸ್ನಾಯುವೆಂದರೆ ಮೂಳೆಗಳನ್ನು ಬಿಗಿಯುವ ನಾರು, ಅವು 900. ಮಾಂಸದ ಕಟ್ಟಿಗೆ ಅವನ ಮಾತು 'ಪೇಶಿ', ಅವು 500. ಅವುಗಳಲ್ಲಿ 400 ಕೈಕಾಲುಗಳಲ್ಲಿ, 66 ನಡುಶರೀರದಲ್ಲಿ, 34 ಕತ್ತಿನಿಂದ ಮೇಲೆ ಎಂದು ಶಾರೀರಸ್ಥಾನದಲ್ಲಿ ಲೆಕ್ಕ ಕೊಟ್ಟಿದ್ದಾನೆ. ಈ ಲೆಕ್ಕ ಇಂದಿನ ಲೆಕ್ಕದೊಂದಿಗೆ ಕೂಡುವುದಿಲ್ಲ. ಅದಕ್ಕಾಗಿ ನಗುವುದು ಸುಲಭ. ಆದರೆ ಶವವನ್ನು ಹುಲ್ಲಿನಲ್ಲಿ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಬಳಿಕ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಒಂದೊಂದೇ ಪದರವನ್ನು ಕಣ್ಣಾರೆ ನೋಡಬೇಕೆಂದು ಹೇಳಿದವನೂ ಅವನೇ. ಎಣಿಕೆ ಹಳೆಯದಾಯಿತು, ನೋಡಬೇಕೆಂಬ ಮಾತು ಹಳೆಯದಾಗಲಿಲ್ಲ. ನಾನು ಈ ಭಾಷಣದಲ್ಲಿ ರೂಢಿಯ ಮಾತನ್ನೇ ಹಿಡಿದು ಸ್ನಾಯುವೆಂದೇ ಹೇಳುತ್ತೇನೆ.

ರಟ್ಟೆಯ ಉಬ್ಬಿಗೆ ಶಾಸ್ತ್ರದಲ್ಲಿ ದ್ವಿಶಿರ ಸ್ನಾಯುವೆಂದು ಹೆಸರು. ಎರಡು ತಲೆಯದು ಎಂದರ್ಥ. ಒಂದು ತಲೆ ಹೆಗಲೆಲುಬಿನ ಮುಂದಕ್ಕೆ ಚಾಚಿರುವ ಕಾಗೆಯ ಕೊಕ್ಕಿನಂಥ ತುದಿಯಿಂದ ಹೊರಡುತ್ತದೆ. ಇನ್ನೊಂದು, ಭುಜದ ಕೀಲಿನ ಒಳಗಿನಿಂದಲೇ ನೀಳವಾದ ಹುರಿಯಂತೆ ಇಳಿದುಬರುತ್ತದೆ. ಎರಡೂ ಕೂಡಿ, ಮೊಣಕೈಯನ್ನು ದಾಟಿ, ಮುಂಗೈಯ ಹೆಬ್ಬೆರಳಿನ ಕಡೆಯ ಮೂಳೆಗೆ ಹತ್ತಿಕೊಳ್ಳುತ್ತವೆ. ಕೈ ಮಡಿಸುವುದೊಂದೇ ಇದರ ಕೆಲಸವಲ್ಲ. ಬಲಗೈಯಲ್ಲಿ ತಿರುಪುಳಿ ಹಿಡಿದು ಮೊಳೆಯನ್ನು ಬಿಗಿಮಾಡುವಾಗ ಅಂಗೈ ಮೇಲ್ಮುಖವಾಗಿ ತಿರುಗುತ್ತದಲ್ಲ, ಆ ತಿರುವಿನ ಬಲವೂ ಇದರದೇ.

ನನ್ನಲ್ಲಿ ಹಳಗನ್ನಡ ಓದಿ, ಮುಂದೆ ವೈದ್ಯಕೀಯಕ್ಕೆ ಸೇರಿದ ಯಲಹಂಕದ ಹುಡುಗಿಯೊಬ್ಬಳು ಮೊದಲ ವರ್ಷದ ರಜೆಯಲ್ಲಿ ಮನೆಗೆ ಬಂದಿದ್ದಳು. "ಪುಸ್ತಕದಲ್ಲಿ ಎರಡು ತಲೆ, ಮೇಜಿನ ಮೇಲೆ ಮೂರು ತಲೆ, ಮೇಷ್ಟ್ರೇ. ಯಾವುದನ್ನ ತಪ್ಪು ಅನ್ನಬೇಕು?" ಎಂದು ಕೇಳಿದಳು.

ಅವಳಿಗೆ ನನ್ನ ಬಳಿ ಇದ್ದದ್ದು ವ್ಯಾಕರಣದ ಉತ್ತರ ಮಾತ್ರ. 'ಬಂದಿತು' ಎಂದೂ ಹೇಳುತ್ತೇವೆ, 'ಬಂತು' ಎಂದೂ ಹೇಳುತ್ತೇವೆ. ವ್ಯಾಕರಣ ಬರೆದವನು ಒಂದನ್ನು ವಿಧಿಯೆಂದಿಟ್ಟುಕೊಂಡರೂ ಇನ್ನೊಂದನ್ನು ಅಪಶಬ್ದವೆಂದು ತಳ್ಳುವುದಿಲ್ಲ, ವಿಕಲ್ಪವೆನ್ನುತ್ತಾನೆ. ಮೂರು ತಲೆಯ ದ್ವಿಶಿರವೂ ಹಾಗೆಯೇ. ಹೆಸರು ಮಾತ್ರ ಪೇಚಿಗೆ ಸಿಕ್ಕಿತು. ಅನ್ವರ್ಥನಾಮವಾಗಿದ್ದದ್ದು ಆ ಒಂದು ತೋಳಿನ ಮಟ್ಟಿಗೆ ರೂಢನಾಮವಾಗಿಬಿಟ್ಟಿತು!

ಇದು ಅಷ್ಟೇನೂ ಅಪರೂಪವಲ್ಲ. ಅಂಗರಚನಾಶಾಸ್ತ್ರದ ಲೇಖನಗಳಲ್ಲಿ ಮತ್ತೆ ಮತ್ತೆ ಉದ್ಧರಿಸುವ ಅಂಕಿಗಳ ಪ್ರಕಾರ ಮೂರನೆಯ ತಲೆ ಚೀನೀಯರಲ್ಲಿ ನೂರಕ್ಕೆ 8, ಯುರೋಪಿನವರಲ್ಲಿ 10, ಆಫ್ರಿಕದವರಲ್ಲಿ 12, ಜಪಾನೀಯರಲ್ಲಿ 18ರಷ್ಟು. ಭಾರತದಲ್ಲಿ ನಡೆದ ಅಧ್ಯಯನಗಳಲ್ಲಿ ಹಲವು ಇದಕ್ಕಿಂತ ಕಡಿಮೆ ಅಂಕಿಯನ್ನೇ ಕೊಡುತ್ತವೆ. ನಮ್ಮ ನಾಡಿನ ಮಣಿಪಾಲ, ಮಂಗಳೂರುಗಳ ಅಧ್ಯಾಪಕರು ಇಂತಹ ವ್ಯತ್ಯಾಸಗಳನ್ನು ಕಂಡಂತೆಲ್ಲ ಬರೆದು ಪ್ರಕಟಿಸಿದ್ದಾರೆ. ಆದರೆ ಅಂಕಿಗಳನ್ನು ಸ್ವಲ್ಪ ಸಂಶಯದಿಂದಲೇ ನೋಡಬೇಕು. ಐವತ್ತು ತೋಳುಗಳಲ್ಲಿ ಎರಡು ಸಿಕ್ಕರೆ ನೂರಕ್ಕೆ 4. ಇನ್ನೊಂದೇ ಒಂದು ಸಿಕ್ಕಿದ್ದರೆ 6 ಆಗುತ್ತಿತ್ತು. ಅಷ್ಟರಿಂದ ಒಂದು ಜನಾಂಗದ ಲಕ್ಷಣವನ್ನು ಹೇಳಹೊರಡುವುದು ಅವಸರದ ಮಾತು.

ಈ ಹೆಚ್ಚಿನ ತಲೆ ಸಾಮಾನ್ಯವಾಗಿ ತೋಳೆಲುಬಿನ ನಡುಭಾಗದಿಂದಲೇ, ಕೆಳಪದರದ ಸ್ನಾಯು ಹುಟ್ಟುವ ಜಾಗದ ಪಕ್ಕದಿಂದ ಏಳುತ್ತದೆ. ಗರ್ಭದಲ್ಲಿ ನಾಲ್ಕನೆಯ ವಾರದ ಹೊತ್ತಿಗೆ ಕೈ ಬರಿಯ ಒಂದು ಮೊಗ್ಗು. ಎಂಟನೆಯ ವಾರದ ಹೊತ್ತಿಗೆ ಅದು ಕೈಯ ಆಕಾರ ಪಡೆದಿರುತ್ತದೆ. ಆ ನಡುವೆ ಮಾಂಸದ ಒಂದೇ ಮುದ್ದೆ ಸೀಳಿಕೊಂಡು ಬೇರೆಬೇರೆ ಸ್ನಾಯುಗಳಾಗಬೇಕು. ಸೀಳು ತುಸು ಅತ್ತ ಬಿದ್ದರೆ ಒಂದು ಎಳೆ ಪಕ್ಕದವನ ಪಾಲಾಗುತ್ತದೆ. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಬದು ಒಂದು ಮಾರು ಸರಿದಂತೆ.

ತಮ್ಮ ರಟ್ಟೆಯಲ್ಲಿ ಎಷ್ಟು ತಲೆಗಳಿವೆಯೆಂದು ಕೇಳುಗರು ಮುಟ್ಟಿ ತಿಳಿಯಲಾರರು. ಮುಂಗೈಯಲ್ಲಾದರೋ ಒಂದು ವಿಕಲ್ಪವನ್ನು ಮನೆಯಲ್ಲಿಯೇ ನೋಡಬಹುದು. ಹೆಬ್ಬೆರಳನ್ನೂ ಕಿರುಬೆರಳನ್ನೂ ಒಂದಕ್ಕೊಂದು ತಾಗಿಸಿ ಮಣಿಕಟ್ಟನ್ನು ಒಳಕ್ಕೆ ಬಾಗಿಸಿದರೆ, ಹೆಚ್ಚಿನವರ ಮಣಿಕಟ್ಟಿನ ನಟ್ಟನಡುವೆ ಒಂದು ಹುರಿ ಎದ್ದು ನಿಲ್ಲುತ್ತದೆ. ಕೆಲವರಿಗೆ ಅದು ಹುಟ್ಟಿನಿಂದಲೇ ಇಲ್ಲ. ಕೆಲವರಿಗೆ ಒಂದೇ ಕೈಯಲ್ಲಿ ಇರುತ್ತದೆ. ಇಲ್ಲದವರು ಗಾಬರಿಯಾಗಬೇಕಾಗಿಲ್ಲ. ಕೊಡ ಎತ್ತಲು, ಲೇಖನಿ ಹಿಡಿಯಲು ಯಾವ ಕೊರತೆಯೂ ಆಗದು. ಇದ್ದವರ ಆ ಹುರಿಯನ್ನು ಶಸ್ತ್ರವೈದ್ಯರು ಬೇರೆ ಕಡೆ ಕಿತ್ತುಹೋದ ಹುರಿಯ ಜಾಗಕ್ಕೆ ಕಸಿ ಮಾಡುವುದೂ ಉಂಟು.

ಎಲ್ಲ ವಿಕಲ್ಪಗಳೂ ಇಷ್ಟು ಸಾಧುವಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ವಿದ್ಯಾರ್ಥಿ ಬೆಕ್ಕಿನ ತೋಳೆಲುಬನ್ನು ಕೈಗೆತ್ತಿಕೊಂಡರೆ, ಮೊಣಕೈಗೆ ತುಸು ಮೇಲೆ ಸಣ್ಣದೊಂದು ಕಿಂಡಿಯನ್ನು ಕಾಣುತ್ತಾನೆ. ಬೆಕ್ಕಿನ ತೋಳಿನ ಮುಖ್ಯ ಧಮನಿಯೂ ಅದರ ಜೊತೆಯ ನರವೂ ಆ ಕಿಂಡಿಯಲ್ಲೇ ನುಸುಳಿ ಹೋಗುತ್ತವೆ. ಮನುಷ್ಯರಲ್ಲಿ ಕಿಂಡಿಯಿಲ್ಲ. ಆದರೆ ನೂರರಲ್ಲಿ ಸುಮಾರು ಒಬ್ಬರಿಗೆ ಅದೇ ಜಾಗದಲ್ಲಿ ಮುಳ್ಳಿನಂಥ ಒಂದು ಮೂಳೆ ಚಾಚಿಕೊಂಡಿರುತ್ತದೆ. ಅದರಿಂದ ಮೊಣಕೈಯ ಗಂಟಿಗೆ ಒಂದು ನಾರು ಕಟ್ಟಿರುವುದುಂಟು. ಸ್ಕಾಟ್ಲೆಂಡಿನ ಜಾನ್ ಸ್ಟ್ರೂದರ್ಸ್ 19ನೆಯ ಶತಮಾನದಲ್ಲಿ ಇದನ್ನು ವಿವರವಾಗಿ ಬರೆದ. 1871ರಲ್ಲಿ ಡಾರ್ವಿನ್ನನು ಮನುಷ್ಯನ ಹುಟ್ಟನ್ನು ಕುರಿತ ತನ್ನ ಗ್ರಂಥದಲ್ಲಿ, ನಮ್ಮ ದೇಹದಲ್ಲಿ ಉಳಿದುಬಂದ ಹಳೆಯ ಗುರುತುಗಳ ಸಾಲಿಗೆ ಇದನ್ನೂ ಸೇರಿಸಿದ.

ಈ ಮುಳ್ಳು ಮತ್ತು ನಾರಿನ ನಡುವೆ ನರ ಅಮುಕಿಹೋದರೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುತ್ತವೆ. ಅದೇ ನರ ಮಣಿಕಟ್ಟಿನಲ್ಲಿ ಅಮುಕಿದರೂ ಅವೇ ಬೆರಳುಗಳಲ್ಲಿ ಜೋಮು. ಮಣಿಕಟ್ಟಿನ ದೋಷ ಬಹಳ ಸಾಮಾನ್ಯವಾದದ್ದು, ಆದುದರಿಂದ ವೈದ್ಯರ ಗಮನ ಮೊದಲು ಅಲ್ಲಿಗೇ ಹೋಗುತ್ತದೆ. ತೋಳಿನಲ್ಲೂ ಹೀಗಿರಬಹುದೆಂದು ಒಮ್ಮೆ ಕಣ್ಣಾರೆ ಕಂಡವರು ಮಾತ್ರ ಮೇಲಕ್ಕೂ ಕೈಯಾಡಿಸಿ ನೋಡಿಯಾರು, ಅಲ್ಲಿನ ಎಕ್ಸ್‌ರೇ ಚಿತ್ರವನ್ನೂ ತೆಗೆಸಿಯಾರು. ಮುರಿದ ತೋಳೆಲುಬಿಗೆ ಲೋಹದ ಪಟ್ಟಿ ಕೂರಿಸುವಾಗಲೂ ಹೀಗೆಯೇ. ಮೂರನೆಯ ತಲೆಯಿರುವ ತೋಳಿನಲ್ಲಿ ನರದ ದಾರಿಯೂ ಬದಲಾಗಿರುವುದುಂಟು. ಪುಸ್ತಕದ ಚಿತ್ರವನ್ನೇ ನಂಬಿ ಕತ್ತಿಯಿಟ್ಟರೆ ಅಲ್ಲಿ ಇರಬಾರದ ನರ ಇದ್ದೀತು.

ಕಣ್ಣಾರೆ ಕಾಣುವುದಕ್ಕೆ ಶರೀರಗಳು ಬೇಕು. ವಾರಸುದಾರರಿಲ್ಲದ ಶವಗಳನ್ನು ವೈದ್ಯಶಿಕ್ಷಣಕ್ಕೆ ಒದಗಿಸಲು ನಮ್ಮ ರಾಜ್ಯದಲ್ಲಿ 1957ರ ಅಂಗರಚನಾಶಾಸ್ತ್ರ ಅಧಿನಿಯಮವಿದೆ. ಆದರೆ ಬದುಕಿರುವಾಗಲೇ ಮನಸ್ಸು ಮಾಡಿ ಬರೆದುಕೊಟ್ಟವರ ಶರೀರದ ಮಾತೇ ಬೇರೆ. ಬೈಲಹೊಂಗಲದ ವೈದ್ಯರಾಗಿದ್ದ ಬಸವಣ್ಣೆಪ್ಪ ರಾಮಣ್ಣವರ ಅವರು ತಮ್ಮ ದೇಹವನ್ನು ದಾನವಾಗಿ ಕೊಟ್ಟಿದ್ದರು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ, ವಿದ್ಯಾರ್ಥಿಗಳ ಮುಂದೆ ಆ ಶರೀರವನ್ನು ಛೇದಿಸಿ ಪಾಠ ಹೇಳಿದವರು ಅವರ ಸ್ವಂತ ಮಗ, ಅಲ್ಲಿನ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ. ಅಂತಹ ಎದೆಗಾರಿಕೆ ಎಲ್ಲರಿಗೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ನಮ್ಮ ಯಶವಂತಪುರ, ಮತ್ತೀಕೆರೆಗಳ ಕಡೆಯವರಿಗೆ 1979ರಲ್ಲಿ ಆರಂಭವಾದ ಎಂ. ಎಸ್. ರಾಮಯ್ಯ ವೈದ್ಯಕೀಯ ಕಾಲೇಜು ಹತ್ತಿರ. ಪೇಟೆಯ ಕಡೆಯವರಿಗೆ ಬೆಂಗಳೂರು ವೈದ್ಯಕೀಯ ಕಾಲೇಜು. ದೇಹದಾನ ಮಾಡಬೇಕೆಂದಿರುವವರು ಕಾಲೇಜಿನ ಅಂಗರಚನಾ ವಿಭಾಗದಲ್ಲಿ ವಿಚಾರಿಸಿ ಪತ್ರ ಬರೆದಿಟ್ಟರೆ ಸಾಲದು, ಮನೆಯವರಿಗೂ ತಿಳಿಸಿರಬೇಕು. ಕೊನೆಗೆ ಕಾಲೇಜಿಗೆ ಸುದ್ದಿ ಮುಟ್ಟಿಸುವವರು ಅವರೇ. ಕಣ್ಣುಗಳನ್ನು ಕೆಲವೇ ಗಂಟೆಗಳೊಳಗೆ ತೆಗೆದುಕೊಳ್ಳಬೇಕಾದುದರಿಂದ ನೇತ್ರದಾನದ ಕೆಲಸ ಮೊದಲು ಆಗುತ್ತದೆ. ಆ ಬಳಿಕ ಶರೀರವನ್ನು ಒಪ್ಪಿಸಬಹುದು.