ಒಂದೇ ಸಲದ ಸ್ನಾನ, ಮುಗಿಯದ ಪಶ್ಚಾತ್ತಾಪ



ಕಪಿಲೆಯ ದಡದ ಈ ನಂಜನಗೂಡಿನಲ್ಲಿ ಸ್ನಾನದ ವಿಚಾರ ಎತ್ತಲು ನನ್ನಂಥ ಎಳೆಯ ವರದಿಗಾರನಿಗೆ ಸ್ವಲ್ಪ ಧೈರ್ಯವೇ ಬೇಕು. ಹೊಳೆಯಲ್ಲಿ ಮಿಂದು ನಂಜುಂಡನ ದರ್ಶನಕ್ಕೆ ಹೋಗುವುದು ನಿಮಗೆ ಮೈಗೂಡಿದ ರೂಢಿ. ತಿ. ನರಸೀಪುರದ ಸಂಗಮದಲ್ಲಿ 1989ರಲ್ಲಿ ಕುಂಭಮೇಳವೂ ಆರಂಭವಾಯಿತು. ಈ ಸ್ನಾನ ಎಷ್ಟು ಸಲವಾದರೂ ಆಗಬಹುದು. ಕ್ರೈಸ್ತರ ದೀಕ್ಷಾಸ್ನಾನ ಬಾಳಿಗೆ ಒಂದೇ ಸಲ. ಕಥೋಲಿಕರು, ಸಿ.ಎಸ್.ಐ. ಸಭೆಯವರು ಕೂಸಿಗೇ ಅದನ್ನು ಮಾಡಿಸುತ್ತಾರೆ. ಬ್ಯಾಪ್ಟಿಸ್ಟರು, ಪೆಂತೆಕೊಸ್ತಿನವರು ತಿಳಿದು ನಂಬಿದವರನ್ನಷ್ಟೇ ಪೂರ್ತಿ ನೀರಿನಲ್ಲಿ ಮುಳುಗಿಸುತ್ತಾರೆ.

ಹಾಗಾದರೆ ಒಮ್ಮೆ ನೀರು ಬಿದ್ದವನಿಗೆ ಮೋಕ್ಷ ಖಾತ್ರಿಯೆ?

ಯೊರ್ದಾನ್ ಹೊಳೆಯಲ್ಲಿ ಸ್ನಾನ ಮಾಡಿಸುತ್ತಿದ್ದ ಯೋಹಾನನೇ ಇದನ್ನು ಒಪ್ಪಲಿಲ್ಲ. ಅಬ್ರಹಾಮನ ವಂಶದವರೆಂಬ ನೆಚ್ಚಿಕೆಯಲ್ಲಿ ಬಂದವರನ್ನು ಬೈದು, ಮನಸ್ಸು ತಿರುಗಿದ್ದು ನಡತೆಯಲ್ಲಿ ಕಾಣಲಿ ಎಂದ. ತೆರಿಗೆ ವಸೂಲಿಯ ಜಕ್ಕಾಯ ಯೇಸುವಿನೆದುರು ಕಣ್ಣೀರಿಡಲಿಲ್ಲ. ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಪಶ್ಚಾತ್ತಾಪಕ್ಕೆ ಇದಕ್ಕಿಂತ ಸರಳ ಲೆಕ್ಕ ನನಗೆ ಕಂಡಿಲ್ಲ. ಆದರೂ ವಾದ ನಿಂತಿಲ್ಲ. ನಿಜವಾಗಿ ರಕ್ಷಣೆ ಹೊಂದಿದವನು ಕೊನೆಗೂ ಕೈತಪ್ಪಿ ಹೋಗುವುದಿಲ್ಲ ಎನ್ನುತ್ತದೆ ಕ್ಯಾಲ್ವಿನ್ ಪರಂಪರೆ. ಜಾರಿ ಬೀಳಬಹುದು, ಎಚ್ಚರ ಎಂದವರು ಜಾನ್ ವೆಸ್ಲಿ. ಮೈಸೂರು ಸಂಸ್ಥಾನದಲ್ಲಿ ಶಾಲೆ, ಆಸ್ಪತ್ರೆ ಕಟ್ಟಿದ ವೆಸ್ಲಿಯನ್ ಮಿಷನರಿಗಳು ಅವರ ಹಾದಿಯವರು.

ಈ ವಾದ ನಮ್ಮ ಸೀಮೆಯಲ್ಲಿ ಒಮ್ಮೆ ಜೀವದ ಪ್ರಶ್ನೆಯೇ ಆಗಿತ್ತು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅನೇಕರಿಗೆ ಬಲವಂತದಿಂದ ಸುನ್ನತಿಯಾಯಿತು. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಉಳಿದವರು ಮತ್ತೆ ಚರ್ಚಿಗೆ ಬರಲು ಬಯಸಿದರು. ಅವರನ್ನು ಸೇರಿಸಿಕೊಳ್ಳಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಮುಂದೆ ಈ ಸೀಮೆಯಲ್ಲಿ ಸಿಡುಬಿಗೆ ದಾಕು ಹಾಕಿಸಲು ದುಡಿದವರೂ ಇವರೇ.

ಮರಳಿ ಬಂದವರಿಗೆ ಎರಡನೇ ದೀಕ್ಷಾಸ್ನಾನವಿಲ್ಲ. ಮೈಮೇಲೆ ಏನೇ ಗುರುತು ಬೀಳಲಿ, ಮೊದಲ ಸ್ನಾನದ ಮುದ್ರೆ ಅಳಿಯದು ಎಂಬುದು ಕಥೋಲಿಕ ಬೋಧನೆ. ಆದರೆ ಆ ಮುದ್ರೆಯೊಂದೇ ಸಾಲದು. ಪಶ್ಚಾತ್ತಾಪ, ಪಾಪನಿವೇದನೆಗಳ ಬಾಗಿಲಿನಿಂದಲೇ ಒಳಗೆ ಬರಬೇಕು.

1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ದುಬಾಯ್ ಈ ಜನರ ಬಗ್ಗೆ ಕಟುವಾಗಿದ್ದಾರೆ: ಅಷ್ಟು ಸಾವಿರ ಜನರಲ್ಲಿ ಒಬ್ಬರೂ ಹುತಾತ್ಮರಾಗಲಿಲ್ಲವಂತೆ. ಕತ್ತಿಯ ಕೆಳಗೆ ನಿಲ್ಲದವರು ಹೀಗೆ ಬರೆಯುವುದು ಸುಲಭ ಎಂದು ನನಗನ್ನಿಸುತ್ತದೆ. ಆದರೆ ಅವರು ತಮ್ಮನ್ನೂ ಬಿಡಲಿಲ್ಲ. 25 ವರ್ಷ ದುಡಿದು ಮತಕ್ಕೆ ತಂದವರು 200-300 ಮಂದಿ. ಅವರಲ್ಲಿ ನಿಸ್ವಾರ್ಥ ನಂಬಿಕೆಯಿಂದ ಬಂದ ಒಬ್ಬರೂ ನೆನಪಿಗೆ ಬರುವುದಿಲ್ಲ ಎಂದು ಒಪ್ಪಿಕೊಂಡರು. ಸ್ನಾನ ಮಾಡಿಸಿದ ಕೈಯೇ ಹಾಗೆ ಬರೆಯಿತು!

ಮರಳಿ ಬಂದವರು ಹೇಳಿದ್ದು ಇಷ್ಟೆ: ನಾವು ಬಿಟ್ಟದ್ದು ಹೊರಗಿನದನ್ನು, ಒಳಗಿನ ನಂಬಿಕೆಯನ್ನಲ್ಲ. ದುಬಾಯ್ ಅವರನ್ನು ಸೇರಿಸಿಕೊಂಡರು. ಅಂಥ ಕಾಲ ಮತ್ತೆ ಬಂದರೆ ಮತ್ತೆ ಹೀಗೇ ಆದೀತೆಂಬ ಭಯ ಮಾತ್ರ ಅವರನ್ನು ಬಿಡಲಿಲ್ಲ.